ಹಾಸಿಗೆ ಕಪಾಟಿನ ಕನ್ಸರ್ಟಿನಾ

ದೊಡ್ಡ ಸಂಗೀತಗಾರರು ತಮ್ಮ ಸಾಧನೆಯ ಸ್ಥಳ ಹೇಳುವಾಗ ಯಾವುದಾದರೊಂದು ನದೀತೀರವನ್ನೋ ಗುಡಿಯ ಪ್ರಾಂಗಣವನ್ನೋ ಹೇಳುತ್ತಾರೆ. ನಾನು ದೊಡ್ಡ ಸಂಗೀತಗಾರ್ತಿಯಲ್ಲ, ಆದರೂ ಕೇಳಿದವರಿಗೆ ಸುಳ್ಳು ಹೇಳಬಾರದು. ನನ್ನ ಸಾಧನೆ ನಡೆದದ್ದು ಹಾಸಿಗೆ ಇಡುವ ಕಪಾಟಿನೊಳಗೆ, ಕೆಳಗಿನ ಅಂಕಣದಲ್ಲಿ. ಬಲಗಡೆ ಚಳಿಗಾಲದ ರಜಾಯಿಗಳು, ಎಡಗಡೆ ಅಮ್ಮನ ರೇಷ್ಮೆ ಸೀರೆಗಳ ಸೂಟ್‌ಕೇಸು, ನಡುವೆ ನಾನು, ನನ್ನ ತೊಡೆಯ ಮೇಲೆ ಆರು ಮೂಲೆಯ ಒಂದು ಪೆಟ್ಟಿಗೆ. ಈಗ ನಾನಿರುವ ಜಪಾನಿನ ನಗೋಯಾದಲ್ಲಿ ಒಂದು ಕಾಫಿ ಅಂಗಡಿಯ ಮಹಡಿಯ ಮೇಲೆ ಐರ್ಲೆಂಡಿನ ಧಾಟಿಗಳನ್ನು ನುಡಿಸುವ ನಾಲ್ಕಾರು ಜನ ಆಗಾಗ ಸೇರುತ್ತೇವೆ. ಹೊಸದಾಗಿ ಕಲಿಯಲು ಬಂದವರು ನನ್ನ ಕೈ ನೋಡಿ, “ಮಾಲತಿ ಸಾನ್, ನಿಮ್ಮ ಬೆರಳುಗಳು ಇಷ್ಟು ಕಡಿಮೆ ಓಡಾಡುವುದು ಹೇಗೆ?” ಎಂದು ಕೇಳುತ್ತಾರೆ. “ಜಾಗ ಇರಲಿಲ್ಲ” ಎನ್ನುತ್ತೇನೆ. ಅವರು ಅದನ್ನು ವಿನಯ ಎಂದು ತಿಳಿದು ತಲೆ ಬಾಗಿಸುತ್ತಾರೆ. ನಾನು ಹೇಳಿದ್ದು ಕಪಾಟಿನ ಅಳತೆ.

ನಾನು ಸಣ್ಣವಳಿದ್ದಾಗ ಮೈಸೂರಿನಿಂದ ಬಂದು ನಾವು ಇಳಿದ, ಆ ಕಪಾಟು ಇದ್ದ ಮನೆ ಸಗಮಿಹಾರಾದ ಒಂದು ದಾಂಚಿಯ ಮೂರನೆಯ ಮಹಡಿಯಲ್ಲಿತ್ತು. ದಾಂಚಿ ಎಂದರೆ ಒಂದೇ ಅಚ್ಚಿನಲ್ಲಿ ಹೊಯ್ದ ಹಾಗೆ ಸಾಲಾಗಿ ನಿಂತ ವಸತಿ ಕಟ್ಟಡಗಳು. ಲಿಫ್ಟ್ ಇಲ್ಲ, ಗೋಡೆಯ ಮೇಲೆ ಬರೆದ ದೊಡ್ಡ ಅಂಕಿ ನೋಡಿ ನಮ್ಮದು ಯಾವುದೆಂದು ಗುರುತು ಹಿಡಿಯಬೇಕು. ಎರಡು ಚಾಪೆನೆಲದ ಕೋಣೆ, ಒಂದು ಅಡುಗೆಮನೆ, ಕೂತರೆ ಮಂಡಿ ಗಲ್ಲಕ್ಕೆ ತಾಗುವ ಸ್ನಾನದ ತೊಟ್ಟಿ. ಕೋಣೆಯಿಂದ ಕೋಣೆಗೆ ಕಾಗದದ ಜಾರುಬಾಗಿಲು. ಮೈಸೂರಿನಲ್ಲಿ ಬಾಗಿಲು ಬಡಿದು ಮುಗಿಸುತ್ತಿದ್ದ ಜಗಳಗಳನ್ನು ಅಪ್ಪ ಅಮ್ಮ ಇಲ್ಲಿ ಮಾತಾಡಿಯೇ ಮುಗಿಸಬೇಕಾಯಿತು. ಅಪ್ಪ ಅಲ್ಲಿಯ ಬಾಹ್ಯಾಕಾಶ ಸಂಶೋಧನೆಯವರ ಬಳಿ ಕಂಪನ ಪರೀಕ್ಷೆಯ ಕೆಲಸಕ್ಕೆ ಬಂದಿದ್ದರು. ಮೇಲಕ್ಕೆ ಹಾರಬೇಕಾದ ಯಂತ್ರಗಳನ್ನು ಒಂದು ಮೇಜಿಗೆ ಬಿಗಿದು, ಗಡಗಡ ಅಲ್ಲಾಡಿಸಿ, ಯಾವ ತಿರುಪು ಸಡಿಲವಾಗುತ್ತದೆಂದು ನೋಡುವುದು ಅವರ ಉದ್ಯೋಗ. ಹಗಲೆಲ್ಲ ಅಷ್ಟು ಅಲ್ಲಾಡಿಸಿ ಬಂದ ಮನುಷ್ಯನಿಗೆ ಮನೆಯಲ್ಲಿ ಒಂದು ಚಮಚ ಬಿದ್ದರೂ ತಡೆಯುತ್ತಿರಲಿಲ್ಲ.

ಇದಕ್ಕೆ ಕಾರಣ ಬರೀ ಸ್ವಭಾವವಲ್ಲ. ಆ ಊರಿನಲ್ಲಿ ಮನೆ ಬಾಡಿಗೆಗೆ ಸಿಗಬೇಕಾದರೆ ಯಾರಾದರೂ ಜಾಮೀನು ನಿಲ್ಲಬೇಕಿತ್ತು. ನಮಗೆ ಕೆಲಸದಲ್ಲಿ ಅಪ್ಪನ ಮೇಲಿದ್ದ ಪ್ರೊಫೆಸರ್ ನಿಂತಿದ್ದರು. ನಾವು ಸದ್ದು ಮಾಡಿದರೆ ದೂರು ನಮಗೆ ಬರುವುದಿಲ್ಲ, ಪ್ರೊಫೆಸರಿಗೆ ಹೋಗುತ್ತದೆ. ಅವರು ಏನೂ ಅನ್ನುವುದಿಲ್ಲ. ಅವರು ಏನೂ ಅನ್ನದೆ ಇರುವುದನ್ನು ತನ್ನಿಂದ ಸಹಿಸಲಾಗದು. ಇದು ಅಪ್ಪನ ತರ್ಕ. ದಾಂಚಿಯಲ್ಲಿ ನಿವಾಸಿಗಳ ಸಂಘದ ಸೂಚನೆಗಳನ್ನು ಸಿಕ್ಕಿಸಿದ ಒಂದು ಹಲಗೆ ಮನೆಯಿಂದ ಮನೆಗೆ ಹೋಗುತ್ತಿತ್ತು; ಓದಿ, ಮುದ್ರೆ ಒತ್ತಿ, ಪಕ್ಕದವರಿಗೆ ಕೊಡಬೇಕು. ನಾವು ಹೋದ ಹೊಸದರಲ್ಲೇ ಅದರಲ್ಲಿ “ದಿನಬಳಕೆಯ ಸದ್ದುಗಳ ಬಗ್ಗೆ ದಯವಿಟ್ಟು ಗಮನವಿರಲಿ” ಎಂಬ ಸಾಲು ಬಂತು. ಪ್ರತಿ ವಸಂತದಲ್ಲೂ ಎಲ್ಲರಿಗೂ ಬರುವ ಸಾಲು ಅದು ಎಂದು ಆಮೇಲೆ ತಿಳಿಯಿತು. ಅಪ್ಪ ಅದನ್ನು ತಮ್ಮ ಹೆಸರಿಗೆ ಬಂದ ಸಮನ್ಸ್ ಎಂದು ಓದಿಕೊಂಡರು.

ಅಂದಿನಿಂದ ಮನೆಯಲ್ಲಿ ಮೌನದ ಆಡಳಿತ ಜಾರಿಗೆ ಬಂತು. ಕುರ್ಚಿಯ ಕಾಲುಗಳಿಗೆ ನನ್ನ ಹಳೆಯ ಕಾಲುಚೀಲಗಳನ್ನು ತೊಡಿಸಲಾಯಿತು. ಚಟ್ನಿ ರುಬ್ಬುವಾಗ ಮಿಕ್ಸಿಗೆ ರಜಾಯಿ ಹೊದಿಸಬೇಕು. ಜ್ವರ ಬಂದ ಮಗುವನ್ನು ಹಿಡಿದುಕೊಂಡಂತೆ ಅಮ್ಮ ಅದನ್ನು ತಬ್ಬಿ ಕೂರುತ್ತಿದ್ದಳು. ಕುಕ್ಕರ್ ಸೀಟಿ ಹೊಡೆಯುವ ಮುಂಚೆಯೇ ಒಲೆ ಆರಿಸಬೇಕು. ಈಗ ಭಾರತೀಯರ ಅಂಗಡಿಗಳಿರುವ ನಿಶಿ ಕಸಾಯಿಗೆ ಹೋದರೆ ಹುರುಳಿಕಾಳಿನ ತನಕ ಎಲ್ಲ ಸಿಗುತ್ತದೆ. ಆಗ ತೊಗರಿಬೇಳೆ ಬರುತ್ತಿದ್ದದ್ದು ಊರಿನಿಂದ ಬಂದವರ ಪೆಟ್ಟಿಗೆಯಲ್ಲಿ. ಸಾವಿರಾರು ಮೈಲಿ ಹಾರಿ ಬಂದ ಆ ಬೇಳೆ ನಮ್ಮ ಮನೆಯಲ್ಲಿ ಅರೆಬೆಂದು ಹುಳಿಯಾಗುತ್ತಿತ್ತು. ಹುಳಿಯ ತಳದಲ್ಲಿ ಬೇಳೆ ಕಟುಕ್ ಎಂದರೆ ಅಪ್ಪ ಅದನ್ನೂ ಮೆತ್ತಗೆ ಅಗಿಯುತ್ತಿದ್ದರು. ಅಮ್ಮ ಮೈಸೂರಿನಲ್ಲಿ ಮದುವೆಯಾಗುವ ತನಕ, ಆದಮೇಲೂ, ಹಾಡುಗಾರಿಕೆ ಕಲಿತವಳು; ಅಡುಗೆ ಮಾಡುತ್ತ ಹಾಡದಿದ್ದರೆ ಉಪ್ಪಿನ ಹದ ತಪ್ಪುತ್ತದೆ ಎನ್ನುತ್ತಿದ್ದವಳು. ಇಲ್ಲಿ ಒಲೆಯ ಮೇಲಿನ ಎಕ್ಸಾಸ್ಟ್ ಫ್ಯಾನು ಹಾಕಿ, ಅದರ ಗುಯ್ಯೆನ್ನುವ ಸದ್ದಿನ ಮರೆಯಲ್ಲಿ ಬಾಯೊಳಗೇ ಹಾಡಿಕೊಳ್ಳುತ್ತಿದ್ದಳು. ಫ್ಯಾನು ನಿಂತರೆ ಹಾಡು ನಿಲ್ಲುತ್ತಿತ್ತು. ಬೇಯಿಸಲು ಏನೂ ಇಲ್ಲದಿದ್ದರೂ ಕೆಲವು ಮಧ್ಯಾಹ್ನ ಆ ಫ್ಯಾನು ಓಡುತ್ತಿತ್ತು.

ಈ ಮೌನವೆಲ್ಲ ಸಲ್ಲುತ್ತಿದ್ದದ್ದು ಕೆಳಗಿನ ಮನೆಯ ಓಗಾವಾ ಸಾನ್‌ಗೆ, ಅಂದರೆ ಓಗಾವಾ ಅವರಿಗೆ. ಅವರು ನಿವೃತ್ತ ಇಂಗ್ಲಿಷ್ ಮೇಡಂ, ಒಂಟಿಯಾಗಿದ್ದರು, ಬಿಳಿ ಕೂದಲನ್ನು ಸ್ಕೇಲ್ ಇಟ್ಟು ಕತ್ತರಿಸಿದಂತೆ ಇಟ್ಟುಕೊಂಡಿದ್ದರು. ಮನೆ ಹೊಕ್ಕ ವಾರ ಅಲ್ಲಿಯ ಪದ್ಧತಿಯಂತೆ ಮೇಲಿನ, ಕೆಳಗಿನ, ಪಕ್ಕದ ಮನೆಗಳಿಗೆ ಹೋಗಿ, ಗಂಧದ ಸೋಪು ಕೊಟ್ಟು, ಇನ್ನೂ ಮಾಡದ ಗಲಾಟೆಗೆ ಮುಂಗಡವಾಗಿ ಕ್ಷಮೆ ಕೇಳಿ ಬಂದಿದ್ದೆವು. ಆಮೇಲೆ ಮೆಟ್ಟಿಲ ಮೇಲೆ ಎದುರಾದಾಗ ತಲೆ ಬಾಗಿಸುವುದು ಬಿಟ್ಟರೆ ಬೇರೆ ಪರಿಚಯವಿರಲಿಲ್ಲ. ಒಂದು ಶನಿವಾರ ಅಮ್ಮನೂ ನಾನೂ ತರಕಾರಿ ತಂದು ಸಗಮಿ ನದಿಯ ದಂಡೆಯ ಮೇಲೆ ಬರುತ್ತಿದ್ದಾಗ ಸೇತುವೆಯ ಅಡಿಯಿಂದ ಸಂಗೀತ ಕೇಳಿಸಿತು. ಅಲ್ಲಿಯ ಜನ ವಾದ್ಯ ಅಭ್ಯಾಸ ಮಾಡಲು ಹೊಳೆ ದಂಡೆಗೆ ಹೋಗುವುದು ಹೊಸದಲ್ಲ. ತುತ್ತೂರಿ ಊದುವ ಹುಡುಗರನ್ನು ನಾವು ಕಂಡಿದ್ದೆವು. ಇದು ತುತ್ತೂರಿಯಲ್ಲ. ಕಂಬದ ಪಕ್ಕ ಮಡಿಸುವ ಸ್ಟೂಲಿನ ಮೇಲೆ ಓಗಾವಾ ಸಾನ್ ಕೂತು, ಎರಡೂ ಅಂಗೈಗಳ ನಡುವೆ ಆರು ಮೂಲೆಯ ಪೆಟ್ಟಿಗೆಯೊಂದನ್ನು ಹಿಗ್ಗಿಸಿ ಕುಗ್ಗಿಸುತ್ತಿದ್ದರು. ಅಮ್ಮ ಮೂಲಂಗಿ ಚೀಲ ಹಿಡಿದುಕೊಂಡೇ ನಿಂತಳು.

“ಇದೇನೇ ಮಾಲು, ಹಾರ್ಮೋನಿಯಂ ಮರಿ ಹಾಕಿದ ಹಾಗಿದೆ!”

“ಅಮ್ಮಾ, ಮೆತ್ತಗೆ.”

“ಹೊಳೆ ದಂಡೇಲೂ ಮೆತ್ತಗಾ? ನೋಡು, ತಿಶ್ರ ನಡೆ. ಎಷ್ಟು ಮುದ್ದಾಗಿ ನಡೀತಾ ಇದೆ.”

ಓಗಾವಾ ಸಾನ್ ನಮ್ಮನ್ನು ಕಂಡು ನುಡಿಸುವುದು ನಿಲ್ಲಿಸಿ, “ಸುಮಿಮಾಸೆನ್” ಎಂದು ಎದ್ದು ನಿಂತರು. ಸೇತುವೆಯ ಅಡಿಯಲ್ಲೂ ಒಬ್ಬರು ಇನ್ನೊಬ್ಬರ ಕ್ಷಮೆ ಕೇಳುವ ಪ್ರಸಂಗ ಸ್ವಲ್ಪ ಹೊತ್ತು ನಡೆಯಿತು. ಅದು ಮುಗಿದ ಮೇಲೆ ಮೈಸೂರಿನ ಇಂಗ್ಲಿಷೂ ಜಪಾನಿನ ಇಂಗ್ಲಿಷೂ ನಡುದಾರಿಯಲ್ಲಿ ಭೇಟಿಯಾದವು. ಪ್ರಾಯದಲ್ಲಿ ಒಂದು ಬೇಸಗೆ ಐರ್ಲೆಂಡಿನಲ್ಲಿ ಕಳೆದು, ಅಲ್ಲಿಂದ ಈ ಆಂಗ್ಲೋ ಕನ್ಸರ್ಟಿನಾ ಎಂಬ ವಾದ್ಯವನ್ನೂ ಬೊಗಸೆಯಷ್ಟು ಧಾಟಿಗಳನ್ನೂ ತಂದಿದ್ದೇನೆ ಎಂದರು. ನನ್ನ ಕೈಗೆ ಕೊಟ್ಟರು. ಒಂದು ಗುಂಡಿ ಅದುಮಿ ತಿದಿಯನ್ನು ಒತ್ತಿದೆ, ಒಂದು ಸ್ವರ ಬಂತು. ಅದೇ ಗುಂಡಿ ಬಿಡದೆ ತಿದಿಯನ್ನು ಎಳೆದೆ, ಬೇರೆ ಸ್ವರ ಬಂತು. ಕೆಡಿಸಿಬಿಟ್ಟೆ ಎಂದು ನನ್ನ ಕಣ್ಣಲ್ಲಿ ನೀರು. ಅವರು ನಕ್ಕು, ಅದು ಹಾಗೆಯೇ ಮಾಡಿರುವುದು, ಒತ್ತಿದಾಗ ಒಂದು, ಎಳೆದಾಗ ಇನ್ನೊಂದು, ನಮ್ಮ ಉಸಿರಿನ ಹಾಗೆ, ಎಂದರು. ಸಂಜೆ ಅಪ್ಪನಿಗೆ ಇದನ್ನು ವರದಿ ಮಾಡಿದೆ.

“ಒಂದು ಗುಂಡಿಗೆ ಎರಡು ಸ್ವರಾನಾ? ಇದಕ್ಕೆ ಡಿಸೈನ್ ಅನ್ನಲ್ಲ ಮಾಲು, ತಕರಾರು ಅಂತಾರೆ.”

ಆದರೂ ಕೆಳಗಿನ ಮನೆಯವರ ಜೊತೆ ಸ್ನೇಹ ಬೆಳೆಯುವುದು ಜಾಮೀನಿನ ದೃಷ್ಟಿಯಿಂದ ಒಳ್ಳೆಯದು ಎಂದು ಒಪ್ಪಿದರು. ಹೀಗೆ ಶನಿವಾರಗಳಂದು ಸೇತುವೆಯ ಅಡಿಯಲ್ಲಿ ನನ್ನ ಪಾಠ ಶುರುವಾಯಿತು. ಓಗಾವಾ ಸಾನ್ ತಾವು ಮೊದಲು ಕಲಿತ, ಒಂದು ಕೈಪಟ್ಟಿಗೆ ಹೊಲಿಗೆ ಹಾಕಿದ್ದ ಹಳೆಯ ಕನ್ಸರ್ಟಿನಾವನ್ನು ನನಗೆ ಕೊಟ್ಟರು. ಕೊಟ್ಟರು ಎಂದರೆ ಷರತ್ತಿನ ಮೇಲೆ. ಶರತ್ಕಾಲದಲ್ಲಿ ದಾಂಚಿಯ ಸಭಾಂಗಣದಲ್ಲಿ ಹಿರಿಯರಿಗಾಗಿ ಒಂದು ಸಂಜೆ ನಡೆಯುತ್ತದೆ. ಅಲ್ಲಿ ನಾವಿಬ್ಬರೂ ಕೂತು ಒಂದು ಜಿಗ್, ಎಂದರೆ ಐರ್ಲೆಂಡಿನ ಕುಣಿತದ ಧಾಟಿ, ನುಡಿಸಬೇಕು.

“ಅಷ್ಟರಲ್ಲಿ ನಿನ್ನ ಬೆರಳು ಕುಪ್ಪಳಿಸುವುದನ್ನು ಬಿಟ್ಟರೆ ಪೆಟ್ಟಿಗೆ ನಿನ್ನ ಹತ್ತಿರವೇ ಇರಲಿ, ಮಾಲು ಚಾನ್. ಬಿಡದಿದ್ದರೆ ಒಸಾಕಾದಲ್ಲಿ ನನ್ನ ಅಕ್ಕನ ಮೊಮ್ಮಗಳು ಕೇಳುತ್ತಿದ್ದಾಳೆ. ಅವಳಿಗೆ ಕಳಿಸುತ್ತೇನೆ.”

ಆ ಮೊಮ್ಮಗಳನ್ನು ನಾನು ನೋಡಿದವಳಲ್ಲ. ಆ ಬೇಸಗೆಯೆಲ್ಲ ಅವಳನ್ನು ನಿಷ್ಠೆಯಿಂದ ದ್ವೇಷಿಸಿದೆ. ಶಾಲೆಯಲ್ಲಿ ನನಗೆ ಗೆಳತಿಯರು ಇರಲಿಲ್ಲ, ಭಾಷೆ ಇನ್ನೂ ಬಾಯಿಗೆ ಹತ್ತಿರಲಿಲ್ಲ. ಒತ್ತಿದರೂ ಎಳೆದರೂ ಉತ್ತರ ಕೊಡುತ್ತಿದ್ದ ವಸ್ತು ಆ ಊರಿನಲ್ಲಿ ಅದೊಂದೇ. ಅದನ್ನು ಒಸಾಕಾಕ್ಕೆ ಬಿಟ್ಟುಕೊಡುವ ಮಾತೇ ಇರಲಿಲ್ಲ.

ಕುಪ್ಪಳಿಸುವುದು ಎಂದರೇನೆಂದು ಹೇಳಿಬಿಡುತ್ತೇನೆ, ಏಕೆಂದರೆ ನನ್ನ ಬಾಲ್ಯದ ಬಹುಭಾಗ ಅದರ ವಿರುದ್ಧದ ಹೋರಾಟದಲ್ಲೇ ಕಳೆಯಿತು. ಗುಂಡಿಗಳು ಸಾಲುಸಾಲಾಗಿವೆ. ಕಲಿಯುವವರು ಒಂದು ಗುಂಡಿಯಿಂದ ಮೇಲಿನ ಸಾಲಿನ ಗುಂಡಿಗೆ, ಅಲ್ಲಿಂದ ಮತ್ತೆ ಕೆಳಕ್ಕೆ, ಒಂದೇ ಬೆರಳಿನಿಂದ ಕಾಳು ಹೆಕ್ಕುವ ಕೋಳಿಯ ಹಾಗೆ ಕುಟುಕುತ್ತಾರೆ. ಒಂದು ಸ್ವರಕ್ಕೂ ಮುಂದಿನದಕ್ಕೂ ನಡುವೆ ಕೊಕ್ಕು ಎತ್ತಿದಷ್ಟು ಬಿರುಕು ಬೀಳುತ್ತದೆ. ಜಿಗ್ ಕುಣಿಯುವುದನ್ನು ಬಿಟ್ಟು ಕುಂಟುತ್ತದೆ. ಇದಕ್ಕೆ ಓಗಾವಾ ಸಾನ್ ಹೇಳಿದ ಉಪಾಯ ಇಷ್ಟು: ನಡುಸಾಲಿನಲ್ಲಿ ಎಳೆದಾಗ ಸಿಗುವ ಕೆಲವು ಸ್ವರಗಳು ಒಳಸಾಲಿನಲ್ಲಿ ಒತ್ತಿದಾಗಲೂ ಸಿಗುತ್ತವೆ. ಆದ್ದರಿಂದ ಮುಂದೆ ಬರುವ ಸ್ವರ ಯಾವುದು, ಅದಕ್ಕೆ ಯಾವ ಬೆರಳು ಬಿಡುವಾಗಿದೆ ಎಂದು ಮೊದಲೇ ನೋಡಿಕೊಂಡು ದಾರಿ ಆರಿಸಬೇಕು. ಒಂದು ಬೆರಳು ಕೂತಿರುವಾಗಲೇ ಪಕ್ಕದ ಬೆರಳು ತನ್ನ ಗುಂಡಿಯ ಮೇಲೆ ಬಂದು ಕಾಯುತ್ತಿರಬೇಕು. ಬೆರಳುಗಳು ಗುಂಡಿಗಳಿಂದ ಮೇಲಕ್ಕೆ ಏಳಲೇಬಾರದು. “ನಿನ್ನ ಕೈಯ ಮೇಲೆ ಒಂದು ಬಟ್ಟಲು ಚಹಾ ಇದೆ ಎಂದುಕೋ” ಎನ್ನುತ್ತಿದ್ದರು. ಮೊದಮೊದಲು ನಾನು ಚೆಲ್ಲಿದ ಚಹಾದಲ್ಲಿ ಸೇತುವೆ ಕೊಚ್ಚಿಹೋಗಬೇಕಿತ್ತು.

ಅಷ್ಟರಲ್ಲಿ ಮಳೆಗಾಲ ಬಂತು. ತೇವ ಹವೆಗೆ ವಾದ್ಯದೊಳಗೆ ಸ್ವರ ನುಡಿಯುವ ತೆಳುಲೋಹದ ನಾಲಗೆಗಳು ಕೆಡುತ್ತವೆಂದು ಹೊಳೆ ದಂಡೆಯ ಪಾಠ ನಿಂತಿತು. ಅಲ್ಲಿ ಬೇಸಗೆ ಬರುವುದು ಮಳೆಗಾಲದ ನಂತರ; ಮಳೆ ಮುಗಿಯುತ್ತಲೇ ಸೆಕೆ ತಾಳಲಾರದೆ ಓಗಾವಾ ಸಾನ್ ಬೆಟ್ಟದೂರಿನ ಗೆಳತಿಯ ಮನೆಗೆ ಹೋದರು. ಹೋಗುವಾಗ ಇಡೀ ಜಿಗ್‌ಗೆ ಯಾವ ಸ್ವರಕ್ಕೆ ಯಾವ ಬೆರಳೆಂದು ನನಗೆ ಬಾಯಿಪಾಠ ಮಾಡಿಸಿದ್ದರು. ಇನ್ನು ಅಭ್ಯಾಸ ಮನೆಯಲ್ಲೇ ಆಗಬೇಕು. ಅಪ್ಪ ಸಮಸ್ಯೆಯನ್ನು ಕೈಗೆತ್ತಿಕೊಂಡರು. ಕಪಾಟಿನ ಕೆಳ ಅಂಕಣ ತೆರವಾಯಿತು. ಸುತ್ತ ರಜಾಯಿಗಳ ಗೋಡೆ ಎದ್ದಿತು. ನನ್ನನ್ನು ಒಳಗೆ ಕೂರಿಸಿ, ಬಾಗಿಲು ಜಾರಿಸಿ, ಹೊರಗೆ ಮೆಟ್ಟಿಲ ಬಳಿ ನಿಂತು ಕಿವಿಗೊಟ್ಟು, ಗಂಭೀರವಾಗಿ ತಲೆಯಾಡಿಸುತ್ತ ಬಂದರು.

“ಕೇಳಿಸುತ್ತೆ. ಸಣ್ಣದಾಗಿ, ಆದ್ರೆ ಕೇಳಿಸುತ್ತೆ.”

“ಕೆಳಗಿನ ಮನೆಯೋರು ಊರಲ್ಲೇ ಇಲ್ವಲ್ರೀ,” ಎಂದಳು ಅಮ್ಮ.

“ಅವರಿಲ್ಲ ಅಂತ ಸದ್ದು ಮಾಡೋದು ಇನ್ನೂ ಕೆಟ್ಟದು.”

ಮಾರನೆಯ ದಿನ ಪರಿಹಾರ ಹೊಳೆಯಿತು, ಅದೂ ಅಪ್ಪನಿಗೇ. ಓಗಾವಾ ಸಾನ್ ತಿದ್ದಬೇಕೆಂದಿದ್ದು ಬೆರಳುಗಳನ್ನು ತಾನೇ? ಬೆರಳಿಗೆ ಗಾಳಿ ಯಾಕೆ? ತಿದಿ ಮುಚ್ಚಿಯೇ ಇರಲಿ, ಬೆರಳು ಮಾತ್ರ ಆಡಲಿ. ಯಂತ್ರಶಾಸ್ತ್ರದ ದೃಷ್ಟಿಯಿಂದ ಇದರಲ್ಲಿ ಲೋಪವೇ ಇರಲಿಲ್ಲ. ನಾನು ಬೇಸಗೆ ಪೂರ್ತಿ ಕಪಾಟಿನಲ್ಲಿ ಟಾರ್ಚ್ ಹಚ್ಚಿಕೊಂಡು, ಬೆವರು ಸುರಿಸುತ್ತ, ಮೊಣಕೈ ಅಲ್ಲಾಡಿಸಲು ಜಾಗವಿಲ್ಲದೆ, ಸದ್ದಿಲ್ಲದ ಜಿಗ್ ನುಡಿಸಿದೆ. ಟಿಕಿ ಟಿಕಿ ಟಿಕಿ ಎಂದು ಗುಂಡಿಗಳು ಮಾತ್ರ ಪಿಸುಗುಡುತ್ತಿದ್ದವು. ಕುಪ್ಪಳಿಸುವುದು ನಿಂತೇಹೋಯಿತು. ಕೈಯ ಮೇಲಿನ ಚಹಾ ಒಂದು ತೊಟ್ಟೂ ಚೆಲ್ಲಲಿಲ್ಲ. ಅಪ್ಪ ಟಾರ್ಚ್ ಬೆಳಕಿನಲ್ಲಿ ನನ್ನ ಬೆರಳುಗಳನ್ನು ನೋಡಿ, ತಮ್ಮ ಪರೀಕ್ಷೆಯ ಮೇಜಿನಿಂದ ಒಂದು ಯಂತ್ರವನ್ನು ಪಾಸು ಮಾಡುವ ಧ್ವನಿಯಲ್ಲಿ “ಉತ್ತಮ” ಎಂದರು. ಅಮ್ಮ ಮಾತ್ರ ಎದ್ದು ಎಕ್ಸಾಸ್ಟ್ ಫ್ಯಾನಿನ ಕಡೆ ಹೋದಳು.

ಸೆಕೆ ಇಳಿದು ಓಗಾವಾ ಸಾನ್ ಬಂದರು. ಸೇತುವೆಯ ಅಡಿಯಲ್ಲಿ ನಾನು ರಾಜಗಾಂಭೀರ್ಯದಿಂದ ಕೂತು, ಕೈಪಟ್ಟಿಯೊಳಗೆ ಕೈ ತೂರಿಸಿ, ಶುರು ಮಾಡಿದೆ. ಹೊರಬಂದದ್ದನ್ನು ಜಿಗ್ ಎನ್ನಲು ಐರ್ಲೆಂಡಿನ ಶತ್ರುಗಳಿಗೂ ಮನಸ್ಸು ಬರುತ್ತಿರಲಿಲ್ಲ. ಬೆರಳುಗಳು ಸರಿಯಾದ ಗುಂಡಿಗಳ ಮೇಲೆ, ಸರಿಯಾದ ಕಾಲಕ್ಕೆ, ಬೆಣ್ಣೆಯ ಹಾಗೆ ಇಳಿಯುತ್ತಿದ್ದವು. ತೋಳುಗಳು ಮಾತ್ರ ತಮಗೆ ತೋಚಿದಾಗ ಒತ್ತುತ್ತ, ತೋಚಿದಾಗ ಎಳೆಯುತ್ತಿದ್ದವು. ಎಳೆಯಬೇಕಾದಲ್ಲಿ ಒತ್ತಿದರೆ ಅದೇ ಗುಂಡಿ ಬೇರೆ ಸ್ವರ ಹೇಳುತ್ತದೆ ಎಂಬುದನ್ನು ನಮ್ಮ ಮನೆಯ ತಜ್ಞರ ಸಮಿತಿ ಮರೆತಿತ್ತು. ಇಡೀ ಬೇಸಗೆ ನಾನು ಅರ್ಧ ವಾದ್ಯ ಕಲಿತಿದ್ದೆ. ಓಗಾವಾ ಸಾನ್ ನನ್ನ ಬೆರಳುಗಳನ್ನೇ ನೋಡುತ್ತಿದ್ದರು.

“ಬೆರಳು ತುಂಬ ಚೆನ್ನಾಗಿದೆ,” ಎಂದರು ನಿಧಾನವಾಗಿ. “ಎಲ್ಲಿ ಅಭ್ಯಾಸ ಮಾಡಿದೆ?”

“ಹಾಸಿಗೆ ಕಪಾಟಿನಲ್ಲಿ.”

“ಹೇಗೆ?”

ತಿದಿ ಮುಚ್ಚಿ, ಟಿಕಿ ಟಿಕಿ ಎಂದು ತೋರಿಸಿದೆ.

“ಯಾಕೆ ಹಾಗೆ?”

“ಕೆಳಗಿನ ಮನೆಯವರಿಗೆ ತೊಂದರೆ ಆಗಬಾರದು ಅಂತ.”

ಹೇಳಿದ ಮೇಲೆ ಕೆಳಗಿನ ಮನೆಯವರು ಯಾರೆಂದು ನನಗೆ ನೆನಪಾಯಿತು. ಅವರು ತಮ್ಮ ಕನ್ಸರ್ಟಿನಾದ ತಿದಿ ಮುಚ್ಚಿ ತೊಡೆಯ ಮೇಲಿಟ್ಟುಕೊಂಡರು.

“ನಾನು ಯಾಕೆ ಇಲ್ಲಿಗೆ ಬಂದು ನುಡಿಸುತ್ತೇನೆ, ಗೊತ್ತಾ? ನೀವು ಬರುವ ಮುಂಚೆ ಮನೆಯಲ್ಲೇ ನುಡಿಸುತ್ತಿದ್ದೆ. ಮೇಲೆ ಅಷ್ಟು ಶಾಂತವಾದ ಸಂಸಾರ ಬಂದಿದೆ, ಅವರಿಗೆ ತೊಂದರೆ ಕೊಡಬಾರದು ಎಂದು ಇಲ್ಲಿಗೆ ಬಂದೆ.”

ಆಮೇಲೆ ಷರತ್ತನ್ನು ಸಡಿಲಿಸಲಿಲ್ಲ, ಮೇಡಂ ಮೇಡಮ್ಮೇ. ಹಿರಿಯರ ಸಂಜೆ ಹತ್ತಿರ ಬಂತು, ಮನೆಯಲ್ಲಿ ತಿದಿ ತೆರೆದು ನುಡಿಸು, ನನಗೇನೂ ಆಗುವುದಿಲ್ಲ ಎಂದಷ್ಟೇ ಹೇಳಿ ಸ್ಟೂಲು ಮಡಿಸಿದರು. ನಾನು ಮೂರು ಮಹಡಿ ಓಡಿ ಹತ್ತಿ ಇದನ್ನು ಹೇಳಿದಾಗ ಅಪ್ಪ ಪತ್ರಿಕೆ ಓದುತ್ತಿದ್ದರು.

“ಇಲ್ಲಿಯೋರು ಹಾಗೆಲ್ಲ ಹೇಳೋದು ಸೌಜನ್ಯಕ್ಕೆ ಕಣಮ್ಮ. ನಂಬಿಕೊಂಡು ಕೂರಬಾರದು.”

“ಹಾಗಾದ್ರೆ ನಮ್ಮ ಗಂಧದ ಸೋಪು ಚೆನ್ನಾಗಿತ್ತು ಅಂದಿದ್ದೂ ಸೌಜನ್ಯಕ್ಕೇನಾ?” ಎಂದು ಅಡುಗೆಮನೆಯಿಂದ ಅಮ್ಮ ಕೇಳಿದಳು.

“ಸುಧಾ, ಪ್ರೊಫೆಸರ್ ಜಾಮೀನು ನಿಂತಿದಾರೆ.”

“ಪ್ರೊಫೆಸರ್ ಜಾಮೀನು ನಿಂತಿರೋದು ಬಾಡಿಗೆಗೆ. ನನ್ನ ಗಂಟಲಿಗಲ್ಲ.” ಅಮ್ಮ ಈಚೆ ಬಂದಳು. ಕೈಯಲ್ಲಿ ಸೌಟು. “ಕುಕ್ಕರಿನ ಬಾಯಿ ಮುಚ್ಚಿಸಿದ್ರಿ, ಸುಮ್ಮನಿದ್ದೆ. ನನ್ನ ಬಾಯಿ ನಾನೇ ಮುಚ್ಕೊಂಡೆ. ಈಗ ಮಗು ಕೈಲಿರೋ ಪೆಟ್ಟಿಗೇದೂ ಬಾಯಿ ಮುಚ್ಚಿಸಿದೀರಿ. ಇನ್ನು ಈ ಮನೇಲಿ ಬಾಯಿ ಇರೋದು ಯಾರಿಗ್ರೀ?”

“ಸ್ವಲ್ಪ ಮೆತ್ತಗೆ…”

“ನೋಡಿ! ಜಗಳಾನೂ ಮೆತ್ತಗೆ ಆಡ್ಬೇಕು!”

ಜಗಳ ಅಲ್ಲಿಗೆ ನಿಂತಿತು. ಆದರೆ ಮರುದಿನ ಭಾನುವಾರ ಬೆಳಗ್ಗೆ ನಮ್ಮ ಕುಕ್ಕರು ಜಪಾನಿನ ನೆಲದಲ್ಲಿ ಮೊದಲ ಬಾರಿಗೆ ಸೀಟಿ ಹೊಡೆಯಿತು. ಅಪ್ಪ ಪತ್ರಿಕೆಯಿಂದ ಮುಖ ಎತ್ತುವಷ್ಟರಲ್ಲಿ ಇನ್ನೊಂದು. ಅಮ್ಮ ಒಲೆ ಆರಿಸಿ, ಎಕ್ಸಾಸ್ಟ್ ಫ್ಯಾನು ನಿಲ್ಲಿಸಿ, ಸೆರಗಿಗೆ ಕೈ ಒರೆಸಿಕೊಂಡು ಬಂದು ಕಪಾಟಿನ ಬಾಗಿಲು ಜಾರಿಸಿದಳು. “ಈಚೆ ಬಾ” ಎಂದಳು. ಚಾಪೆಯ ಮೇಲೆ ನನ್ನ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತಳು. ಪಾಠಕ್ಕೆ ನನ್ನ ಜೊತೆ ಬರುತ್ತಿದ್ದ ಅವಳಿಗೆ ಧಾಟಿ ಸೇತುವೆಯ ಅಡಿಯಲ್ಲೇ ಬಾಯಿಗೆ ಬಂದಿತ್ತು. ಎಲ್ಲೆಲ್ಲಿ ಒತ್ತು, ಎಲ್ಲೆಲ್ಲಿ ಎಳೆ ಎಂದು ನನ್ನಿಂದ ಒಂದು ಸಲ ಕೇಳಿಕೊಂಡು, ಅದನ್ನು ಸ್ವರ ಹಾಕಿ ಹಾಡಲು ಶುರು ಮಾಡಿದಳು. ತಾಳ ಹಾಕುವ ಕೈಗಳು ತಿದಿಯಾದವು. ಒತ್ತುವಲ್ಲಿ ಅಂಗೈಗಳು ಹತ್ತಿರ ಬರುತ್ತಿದ್ದವು, ಎಳೆಯುವಲ್ಲಿ ದೂರ ಸರಿಯುತ್ತಿದ್ದವು. ನಾನು ಅವಳ ಕೈ ನೋಡಿಕೊಂಡು ತೋಳು ಆಡಿಸಿದೆ. ಬೆರಳುಗಳ ಚಿಂತೆ ನನಗಿರಲಿಲ್ಲ, ಅವು ಬೇಸಗೆಯಲ್ಲೇ ಪಾಸಾಗಿದ್ದವು. ಎಷ್ಟೋ ಕಾಲ ಬಾಯೊಳಗೇ ಇದ್ದ ಅಮ್ಮನ ಗಂಟಲು ಮೊದಲು ಸ್ವಲ್ಪ ಕೆರೆಯಿತು, ಆಮೇಲೆ ತೆರೆದುಕೊಂಡಿತು. ಇಬ್ಬರೂ ಸೇರಿ ಮೊದಲ ಭಾಗ ದಾಟಿದೆವು. ಎರಡನೆಯ ಭಾಗಕ್ಕೆ ಹೊರಳುವಲ್ಲಿ ನಾನು ಎಡವಿದೆ, ಮತ್ತೆ ಎಡವಿದೆ, ಮತ್ತೆ ಅಲ್ಲೇ.

ಆಗ ಕರೆಗಂಟೆ ಹೊಡೆಯಿತು.

ಅಮ್ಮನ ಅಂಗೈಗಳು ಗಾಳಿಯಲ್ಲೇ ನಿಂತವು. ಅಪ್ಪ ಎದ್ದರು, ಪೈಜಾಮದ ಮೇಲೆ ಕೋಟು ತೊಟ್ಟರು, ಗಲ್ಲುಗಂಬಕ್ಕೆ ಹೋಗುವವರ ಹಾಗೆ ಬಾಗಿಲವರೆಗೆ ನಡೆದರು. ಬಾಗಿಲು ತೆರೆದು, ಯಾರೆಂದೂ ನೋಡದೆ, ಸೊಂಟದವರೆಗೆ ಬಾಗಿ “ಸುಮಿಮಾಸೆನ್, ಸುಮಿಮಾಸೆನ್” ಎನ್ನತೊಡಗಿದರು. ಬಾಗಿದ ಆ ಬೆನ್ನಿನ ಮೇಲಿಂದ ಓಗಾವಾ ಸಾನ್‌ರ ಬಿಳಿ ತಲೆ ಕಾಣಿಸಿತು. ಅವರ ಕಂಕುಳಲ್ಲಿ ತಮ್ಮ ಕನ್ಸರ್ಟಿನಾ ಇತ್ತು.

“ಮೂರ್ತಿ ಸಾನ್, ಒಂದು ನಿಮಿಷ ಹಾಗೇ ಇರಿ,” ಎಂದು, ಬೆನ್ನಿನಾಚೆ ನನ್ನನ್ನು ನೋಡಿ ಹೇಳಿದರು: “ಮಾಲು ಚಾನ್, ಎರಡನೆಯ ಭಾಗದ ಮೊದಲ ಸ್ವರ. ಎಳೆಯಬೇಕು. ನೀನು ಒತ್ತುತ್ತಿದ್ದೀಯ. ಕೆಳಗೆ ಕೇಳಲಾಗುತ್ತಿಲ್ಲ.”

ಅಪ್ಪ ಇನ್ನೂ ಬಾಗಿಯೇ ಇದ್ದರು. ಅಮ್ಮ ನಗು ತಡೆಯಲಾರದೆ ಸೆರಗನ್ನು ಬಾಯಿಗೆ ಇಟ್ಟುಕೊಂಡಳು, ಆಮೇಲೆ ಯಾಕೆ ತಡೆಯಬೇಕು ಎಂದು ಹೊಳೆದು ಸೆರಗು ತೆಗೆದಳು. ಅಂದು ಓಗಾವಾ ಸಾನ್ ನಮ್ಮ ಮನೆಯಲ್ಲೇ ಊಟ ಮಾಡಿದರು. ಬೇಳೆ ಬೆಂದಿತ್ತು. ಅಪ್ಪ ಎರಡು ಸಲ ಹುಳಿ ಹಾಕಿಸಿಕೊಂಡು, ಏನೂ ಅನ್ನಲಿಲ್ಲ. ತಮ್ಮ ಪ್ರೊಫೆಸರರಿಂದ ಆ ವಿದ್ಯೆಯನ್ನಾದರೂ ಕಲಿತಿದ್ದರು.

ಹಿರಿಯರ ಸಂಜೆಯಲ್ಲಿ ನಾನು ಅದ್ಭುತವಾಗಿ ನುಡಿಸಿದೆ ಎಂದು ಬರೆಯಲು ಆಸೆಯಿದೆ. ಎರಡನೆಯ ಭಾಗ ಚೆನ್ನಾಗಿಯೇ ಬಂತು. ಮೊದಲನೆಯದರಲ್ಲಿ, ಎಂದೂ ತಪ್ಪದ ಕಡೆ, ತಪ್ಪಿದೆ. ಮುಂದಿನ ಸಾಲಿನಲ್ಲಿದ್ದ ಅಜ್ಜನೊಬ್ಬ ನಿದ್ದೆಯಿಂದ ಎದ್ದು ಚಪ್ಪಾಳೆ ತಟ್ಟಿ ಮತ್ತೆ ಮಲಗಿದ. ಹಿಂತಿರುಗುವಾಗ ನಾನು ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಓಗಾವಾ ಸಾನ್‌ರ ಮುಂದೆ ಚಾಚಿದೆ. ಅವರು ಅದನ್ನು ನೋಡಲೂ ಇಲ್ಲ. ಒಸಾಕಾದ ಹುಡುಗಿ ಈಗ ಪಿಯಾನೋ ಬೇಕೆನ್ನುತ್ತಿದ್ದಾಳೆ ಎಂದು ಹೇಳಿ ಸಭಾಂಗಣದ ಮೆಟ್ಟಿಲಿಳಿದು ಹೋದರು. ಅದು ನಿಜವೋ ಸೌಜನ್ಯವೋ ನಾನು ಇಂದಿಗೂ ವಿಚಾರಿಸಿಲ್ಲ.

ಓಗಾವಾ ಸಾನ್ ಈಗಿಲ್ಲ, ಅಪ್ಪನೂ ಇಲ್ಲ. ಹೊಲಿಗೆ ಹಾಕಿದ ಕೈಪಟ್ಟಿ ಮತ್ತೊಂದು ಸಲ ಹರಿದು ನಾನೇ ಹೊಲಿದಿದ್ದೇನೆ. ನಗೋಯಾದ ಈ ಮನೆಯ ಗೋಡೆಗಳು ದಪ್ಪಗಿವೆ, ಕೆಳಗಿನ ಮನೆಯವರು ಯಾರೆಂದು ನನಗೆ ಗೊತ್ತಿಲ್ಲ, ಸೋಪು ಕೊಡುವ ಪದ್ಧತಿಯೂ ಸವೆದಿದೆ. ಅಮ್ಮ ನನ್ನ ಜೊತೆಯಲ್ಲಿದ್ದಾಳೆ. ಅವಳ ಕಿವಿ ಮಂದವಾಗಿದೆ ಎಂದು ಡಾಕ್ಟರು ಹೇಳುತ್ತಾರೆ. ಕರೆದರೆ ಓಗೊಡದಿರುವಾಗ ನಾನೂ ಒಪ್ಪುತ್ತೇನೆ. ಮೊನ್ನೆ ಭಾನುವಾರ ಅವಳು ಒಗ್ಗರಣೆ ಹಾಕುತ್ತಿದ್ದಾಗ ನಾನು ಒಳಗೆ ಕೂತು ಆ ಹಳೆಯ ಜಿಗ್ ತೆಗೆದೆ. ಎರಡನೆಯ ಭಾಗಕ್ಕೆ ಹೊರಳುವಲ್ಲಿ ಯಾವುದೋ ಯೋಚನೆಯಲ್ಲಿ ತೋಳು ತಪ್ಪಿತು. ಅಡುಗೆಮನೆಯಲ್ಲಿ ಎಕ್ಸಾಸ್ಟ್ ಫ್ಯಾನು ಟಕ್ಕೆಂದು ನಿಂತಿತು.

“ಎಳಿ ಕಣೆ,” ಎಂದಳು ಅಮ್ಮ.